ಜಾಮೀನು ಆದೇಶ ತಪ್ಪಾದರೆ ಜಡ್ಜ್ ಮೇಲೆ ಕೇಸು ಹಾಕಬಹುದೇ?

ಪ್ರಶ್ನೆ: ನಟ ದರ್ಶನ್‌ಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಂದಮೇಲೆ ಮೊದಲು ಕೊಟ್ಟಿದ್ದು ತಪ್ಪೇ ತಾನೆ? ಡಾಕ್ಟರು ತಪ್ಪು ಮಾಡಿದರೆ ಗ್ರಾಹಕರ ಕೋರ್ಟಿಗೆ ಎಳೆಯುತ್ತೇವೆ. ತಪ್ಪು ಜಾಮೀನು ಕೊಟ್ಟ ಜಡ್ಜ್ ಮೇಲೆ ಕೇಸು ಹಾಕಲು ದಾರಿಯೇ ಇಲ್ಲವೇ?
ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಆದೇಶ ತಪ್ಪು ಅನ್ನುವ ಒಂದೇ ಕಾರಣಕ್ಕೆ ಕೇಸು ಹಾಕಲು ಬರುವುದಿಲ್ಲ. ಆದೇಶ ಮಾರಾಟವಾಗಿದೆ ಎಂದಾದರೆ ಬರುತ್ತದೆ. ಕಾನೂನು ಗೆರೆ ಎಳೆದಿರುವುದು ಇಲ್ಲಿ.

ಈ ರಕ್ಷಣೆ ಕಂಪನಿ ಸರ್ಕಾರದ ಕಾಲದ್ದು. 1850ರ ಕಾಯ್ದೆ ನ್ಯಾಯಾಧಿಕಾರಿಗಳನ್ನು ಸಿವಿಲ್ ದಾವೆಗಳಿಂದ ಕಾಪಾಡಿತು. 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆ ಅದನ್ನು ಕ್ರಿಮಿನಲ್ ಮೊಕದ್ದಮೆಗೂ ವಿಸ್ತರಿಸಿತು. ಭಾರತೀಯ ನ್ಯಾಯ ಸಂಹಿತೆಯ 15ನೇ ಕಲಮು ಹೇಳುವುದೂ ಅದನ್ನೇ. ಆದರೆ 1985ರ ಕಾಯ್ದೆಯಲ್ಲೇ ಇನ್ನೊಂದು ಉಪಕಲಮು ಇದೆ: ಸರ್ಕಾರ, ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ಕ್ರಮ ಕೈಗೊಳ್ಳುವುದಕ್ಕೆ ಈ ರಕ್ಷಣೆ ಅಡ್ಡಿಯಲ್ಲ. ನ್ಯಾಯ ಸಂಹಿತೆಯ 257 ಮತ್ತು 258ನೇ ಕಲಮುಗಳನ್ನೂ ನೋಡಿ. ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ ದುರುದ್ದೇಶದಿಂದ ಆದೇಶ ಕೊಟ್ಟರೆ, ಹಾಗೆಯೇ ಒಬ್ಬನನ್ನು ಬಂಧನದಲ್ಲಿಟ್ಟರೆ, ಏಳು ವರ್ಷದವರೆಗೆ ಜೈಲು. ದುರುದ್ದೇಶವನ್ನು ಸಾಬೀತು ಮಾಡುವುದು ಮಾತ್ರ ಸುಲಭದ ಕೆಲಸವಲ್ಲ.

ಮಾರಾಟದ ಆರೋಪಕ್ಕೆ ಉದಾಹರಣೆ ದೂರದ್ದಲ್ಲ. ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿ ಅವರಿಗೆ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ಕೋರ್ಟು 2012ರ ಮೇ ತಿಂಗಳಲ್ಲಿ ಜಾಮೀನು ಕೊಟ್ಟಿತು. ಜಾಮೀನಿಗೆ ಕೋಟಿಗಟ್ಟಲೆ ಹಣ ಕೈಬದಲಾಗಿದೆ ಎಂಬ ಆರೋಪ ಎದ್ದು, ಅದೇ ತಿಂಗಳು ಆಂಧ್ರಪ್ರದೇಶ ಹೈಕೋರ್ಟ್ ಆ ನ್ಯಾಯಾಧೀಶರನ್ನು ಅಮಾನತು ಮಾಡಿತು. ಜೂನ್‌ನಲ್ಲಿ ಎಸಿಬಿ ಅವರನ್ನು ಬಂಧಿಸಿತು. ಜಡ್ಜ್ ಎಂಬ ಪದವಿ ಅಲ್ಲಿ ಅಡ್ಡ ಬರಲಿಲ್ಲ.

ದರ್ಶನ್ ಪ್ರಕರಣ ಆ ಜಾತಿಯದ್ದಲ್ಲ. ಚಿತ್ರದುರ್ಗದ ಯುವಕನ ಕೊಲೆ ಪ್ರಕರಣದಲ್ಲಿ ಅವರನ್ನು 2024ರ ಜೂನ್ 11ರಂದು ನಿಮ್ಮ ಊರಿನಲ್ಲೇ ಹಿಡಿದರು. ಹೈಕೋರ್ಟ್ ಡಿಸೆಂಬರ್ 13ರಂದು ಜಾಮೀನು ಕೊಟ್ಟಿತು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ದರ್ಶನ್ ಸೇರಿ ಏಳು ಜನರ ಜಾಮೀನು ರದ್ದು ಮಾಡಿತು. ಜಾಮೀನು ಹಂತದಲ್ಲೇ ಸಾಕ್ಷ್ಯ ತೂಗಲು ಕೂತದ್ದು ಸರಿಯಲ್ಲ ಎಂದು ಖಾರವಾಗಿಯೇ ಹೇಳಿತು. ಆದರೂ ಅದು ಹೈಕೋರ್ಟಿನ ವಿವೇಚನೆಯ ಬಗೆಗಿನ ಮಾತು, ನಿಯತ್ತಿನ ಬಗೆಗಿನದ್ದಲ್ಲ. ಮೇಲಿನ ಕೋರ್ಟು ತಿದ್ದಿದಾಗಲೆಲ್ಲ ಕೆಳಗಿನವರ ಮೇಲೆ ಕೇಸು ಹಾಕುತ್ತಾ ಹೋದರೆ ಕುರ್ಚಿಯಲ್ಲಿ ಕೂರಲು ಯಾರೂ ಸಿಗುವುದಿಲ್ಲ.

ಕೂತವರಾದರೂ ಏನು ಮಾಡುತ್ತಾರೆ? ಜಾಮೀನು ತಿರಸ್ಕರಿಸಿ ಮನೆಗೆ ಹೋಗುತ್ತಾರೆ. ಕೊಟ್ಟರೆ ಪ್ರಶ್ನೆ, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ತಳಮಟ್ಟದ ನ್ಯಾಯಾಧೀಶರು ಗುರಿಯಾಗುವ ಭಯದಿಂದಲೇ ಜಾಮೀನು ಕೊಡಲು ಹಿಂಜರಿಯುತ್ತಾರೆ ಎಂದು 2022ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಅವರೇ ಹೇಳಿದ್ದರು. 2007ರಲ್ಲಿ ರಮೇಶ್ ಚಂದರ್ ಸಿಂಗ್ ಎಂಬ ನ್ಯಾಯಾಧಿಕಾರಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಕೊಲೆ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿದ್ದಕ್ಕೆ ಅಲಹಾಬಾದ್ ಹೈಕೋರ್ಟ್ ಅವರ ಮೇಲೆ ಶಿಸ್ತುಕ್ರಮ ಕೈಗೊಂಡಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು ಎನ್ನುವುದನ್ನೂ ಜೊತೆಗಿಟ್ಟು ಯೋಚಿಸಿ.

ನಿಮ್ಮ ಪ್ರಶ್ನೆಯಲ್ಲಿ ಬಾರದ ಇನ್ನೊಂದು ಮಗ್ಗುಲಿದೆ, ಅದು ಮೈಸೂರು ಕೋರ್ಟಿನದ್ದೇ. ಕುಶಾಲನಗರದ ಬಳಿಯ ಬುಡಕಟ್ಟು ಸಮುದಾಯದ ಕೂಲಿ ಕಾರ್ಮಿಕರೊಬ್ಬರ ಹೆಂಡತಿ ಕಾಣೆಯಾದರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಆಕೆಯದ್ದೇ, ಕೊಂದವನು ಗಂಡನೇ ಎಂದು ಪೊಲೀಸರು ಆರೋಪಪಟ್ಟಿ ಹಾಕಿದರು. ಡಿಎನ್‌ಎ ವರದಿ ಬಂದಾಗ ಹೊಂದಾಣಿಕೆಯಾಗಲಿಲ್ಲ. ಅಷ್ಟು ಹೊತ್ತಿಗೆ ಆ ಮನುಷ್ಯ ಒಳಗಿದ್ದರು, ಒಟ್ಟು ಒಂದೂವರೆ ಎರಡು ವರ್ಷ. 2025ರ ಏಪ್ರಿಲ್‌ನಲ್ಲಿ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯದವರ ಕಣ್ಣಿಗೆ ಬಿದ್ದರು. ಮೈಸೂರಿನ ಸೆಷನ್ಸ್ ಕೋರ್ಟಿನ ಮುಂದೆ ಜೀವಂತವಾಗಿ ನಿಂತರು. ಕೋರ್ಟು ಗಂಡನನ್ನು ಬಿಡುಗಡೆ ಮಾಡಿ, ಗೃಹ ಇಲಾಖೆಯಿಂದ 1 ಲಕ್ಷ ರೂಪಾಯಿ ಪರಿಹಾರಕ್ಕೂ ತನಿಖಾಧಿಕಾರಿಗಳ ಮೇಲೆ ಕ್ರಮಕ್ಕೂ ಆದೇಶಿಸಿತು.

ಪೊಲೀಸರ ತಪ್ಪು ಸ್ಪಷ್ಟವಿದೆ. ಆದರೆ ನ್ಯಾಯಾಂಗ ಬಂಧನವನ್ನು ಮುಂದುವರಿಸುವ ಸಹಿ ಪೊಲೀಸರದ್ದಲ್ಲ. ಒಮ್ಮೆಗೆ ಹದಿನೈದು ದಿನಕ್ಕಿಂತ ಹೆಚ್ಚು ಮ್ಯಾಜಿಸ್ಟ್ರೇಟರು ಕಳುಹಿಸುವಂತಿಲ್ಲ. ಹದಿನೈದು ದಿನಕ್ಕೊಮ್ಮೆ ಹೆಸರು ಕೂಗುತ್ತಾರೆ, ಕೈದಿ ಬೆಂಗಾವಲಿನಲ್ಲೋ ಪರದೆಯ ಮೇಲೋ ಕಾಣುತ್ತಾನೆ, ಮುಂದಿನ ದಿನಾಂಕ ಬೀಳುತ್ತದೆ. ನಿಮಿಷವೂ ಹಿಡಿಯದ ಕೆಲಸ. ಸುದ್ದಿ ಬಂದಾಗ ನಾವೆಲ್ಲ ಬೈದದ್ದು ಠಾಣೆಯನ್ನು ಮಾತ್ರ. ದರ್ಶನ್ ಹೊರಗೆ ಬಂದದ್ದಕ್ಕೆ ಜಡ್ಜನ್ನು ಕೇಳುವ ನಾವು, ಈ ಮನುಷ್ಯ ಒಳಗೇ ಉಳಿದದ್ದಕ್ಕೆ ಯಾರನ್ನೂ ಕೇಳಲಿಲ್ಲ.

ನನ್ನ ಮಟ್ಟಿಗೆ, ಇಲ್ಲೂ ಜಡ್ಜ್ ಮೇಲೆ ಕೇಸು ಬೇಡ. ಸರ್ಕಾರ ಕೈಬಿಚ್ಚಿ ಪರಿಹಾರ ಕೊಡಲಿ. ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಜೈಲಿನಲ್ಲಿ ಕೊಳೆತ ಬಿಹಾರದ ರುದುಲ್ ಸಾಹ್ ಪ್ರಕರಣದಲ್ಲಿ, 1983ರಲ್ಲಿ, ಸುಪ್ರೀಂ ಕೋರ್ಟ್ ಆ ದಾರಿ ತೆರೆದಿದೆ. ಒಂದೂವರೆ ವರ್ಷದ ಕೂಲಿಯನ್ನೇ ಲೆಕ್ಕ ಹಾಕಿದರೂ 1 ಲಕ್ಷ ಸಾಲದು. ಪದೇ ಪದೇ ಎಡವುವ ನ್ಯಾಯಾಧಿಕಾರಿಗೂ ಮದ್ದಿದೆ. ಜಾಮೀನು ಮಾರ್ಗಸೂಚಿ ಮೀರುವ ಮ್ಯಾಜಿಸ್ಟ್ರೇಟರಿಂದ ನ್ಯಾಯಿಕ ಕೆಲಸ ಹಿಂಪಡೆದು ತರಬೇತಿಗೆ ಅಕಾಡೆಮಿಗೆ ಕಳುಹಿಸಿ ಎಂದು ಸತೇಂದರ್ ಕುಮಾರ್ ಆಂಟಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿತ್ತು.

ಇನ್ನು ನಿಮ್ಮ ಕೈಯಲ್ಲಿ ಇರುವುದು: ಜಾಮೀನು ಸರಿಯಿಲ್ಲ ಅನಿಸಿದರೆ ಅದನ್ನು ರದ್ದುಮಾಡಲು ನಾಗರಿಕ ಸುರಕ್ಷಾ ಸಂಹಿತೆಯ 483ನೇ ಕಲಮಿನಡಿ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಮುಂದೆ ಅರ್ಜಿ. ಲಂಚದ ಸಂಶಯವಿದ್ದರೆ, ಕೆಳಹಂತದ ನ್ಯಾಯಾಧೀಶರ ಮಟ್ಟಿಗೆ, ಕರ್ನಾಟಕ ಹೈಕೋರ್ಟಿನ ಜಾಗೃತ ವಿಭಾಗದ ರಿಜಿಸ್ಟ್ರಾರ್‌ಗೆ ದೂರು. ಮೂಗರ್ಜಿ ನಡೆಯುವುದಿಲ್ಲ. ದೂರಿನ ಜೊತೆ ಪ್ರಮಾಣಪತ್ರವೂ ಪರಿಶೀಲಿಸಬಹುದಾದ ಆಧಾರವೂ ಇರಬೇಕು.