ಸೆಲ್ಮಾ ಸೇತುವೆ: ಪಾಠವನ್ನು 1965ಕ್ಕೆ ಮುಗಿಸಬೇಡಿ

ಅಮೆರಿಕದ ಮತದಾನ ಹಕ್ಕಿನ ಹೋರಾಟವನ್ನು ಬೋಧಿಸುವಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕಾಯ್ದೆ ಬಂದಲ್ಲಿಗೆ ಪಾಠ ಮುಗಿಸುತ್ತಾರೆ. ಆಗ ಮಕ್ಕಳಲ್ಲಿ ಉಳಿಯುವುದು ಇಸವಿ ಮಾತ್ರ.

ಪೀಠಿಕೆ: ಇಬ್ಬರು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ, ಸಂವಿಧಾನದ ಒಂದೇ ವಿಧಿಯನ್ನು ವಿವರಿಸಲು ಹೇಳಿ. ಉತ್ತರ ಒಂದೇ ಆದರೂ ಒಬ್ಬರನ್ನು ತೇರ್ಗಡೆ ಮಾಡಿ, ಇನ್ನೊಬ್ಬರನ್ನು ಕಳುಹಿಸಿಬಿಡಿ. ತರಗತಿ ಆಕ್ಷೇಪಿಸಿದೊಡನೆ ಇದು ಅಭಿನಯವೆಂದು ತಿಳಿಸಿ.

ನಿರೂಪಣೆ: ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಬಾರದೆಂದು 1870ರ 15ನೇ ತಿದ್ದುಪಡಿ ಹೇಳಿತ್ತು. ಆದರೂ ಅಲಬಾಮಾದ ನೋಂದಣಿ ಅಧಿಕಾರಿಗಳು ಸಾಕ್ಷರತಾ ಪರೀಕ್ಷೆಯ ನೆಪದಲ್ಲಿ ಕಪ್ಪುವರ್ಣೀಯರನ್ನು ಪಟ್ಟಿಯಿಂದ ಹೊರಗಿಟ್ಟರು. 1965ರ ಫೆಬ್ರವರಿಯಲ್ಲಿ ಜಿಮ್ಮಿ ಲೀ ಜಾಕ್ಸನ್ ಪೊಲೀಸ್ ಗುಂಡಿಗೆ ಬಲಿಯಾದರು. ಮಾರ್ಚ್ 7ರಂದು ಸೆಲ್ಮಾದಿಂದ ಹೊರಟ ಸುಮಾರು 600 ಮಂದಿಯ ಮೇಲೆ ಎಡ್ಮಂಡ್ ಪೆಟಸ್ ಸೇತುವೆಯ ಬಳಿ ಪೊಲೀಸರು ಲಾಠಿ, ಅಶ್ರುವಾಯು ಪ್ರಯೋಗಿಸಿದರು. ಮುಂಚೂಣಿಯಲ್ಲಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಮಾರ್ಚ್ 25ರಂದು ಪಾದಯಾತ್ರೆ ರಾಜಧಾನಿ ಮಾಂಟ್ಗೊಮೆರಿಯನ್ನು ತಲುಪಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಅಂಕಿತ ಬಿತ್ತು.

ಮುಂದುವರಿಕೆ: ಈ ಕಾಯ್ದೆಯಂತೆ, ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಅಂಥ ಪ್ರದೇಶಗಳನ್ನು ಗುರುತಿಸುವ ಸೂತ್ರವನ್ನು 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಮಾಡಿತು. ಒಪ್ಪಿಗೆಯ ನಿಯಮ ಪುಸ್ತಕದಲ್ಲಿ ಉಳಿದು ಕೆಲಸ ಕಳೆದುಕೊಂಡಿತು. ಆ ಮೊಕದ್ದಮೆ ಹೂಡಿದ್ದೂ ಅಲಬಾಮಾದ ಶೆಲ್ಬಿ ಕೌಂಟಿಯೇ.

ಮೌಲ್ಯಮಾಪನ: 'ತಿದ್ದುಪಡಿಯಾಗಿ 95 ವರ್ಷ ಕಳೆದರೂ ಅವರು ನಡೆಯಬೇಕಾದುದೇಕೆ?' ಎಂದು ಕೇಳಿ. ಉತ್ತರದಲ್ಲಿ ಇಸವಿಯ ಜೊತೆಗೆ ನೋಂದಣಿ ಅಧಿಕಾರಿಯ ಮೇಜೂ ಬಂದರೆ ಪಾಠ ಮಕ್ಕಳನ್ನು ತಲುಪಿದೆ.