ಹೊಳೆ ನಡುವಿನ ಊರಿಗೆ ಹೋಗಿ ಬಂದೆವು

ನಾವು ಯಲಹಂಕದ ಕಲಿಕಾ ಕೇಂದ್ರದವರು. ಕಲಿಯುವವರು, ಕಲಿಸುವವರು ಸೇರಿ ಹನ್ನೊಂದು ಜನ. ಹೂ ಕಟ್ಟುವವರು ಇದ್ದಾರೆ. ಮನೆಗೆಲಸದವರು ಇದ್ದಾರೆ. ಗಾರ್ಮೆಂಟ್ಸ್‌ಗೆ ಹೋಗುವವರೂ ಇದ್ದಾರೆ.

ಒಂದು ಸಂಜೆ ಪಾಠದಲ್ಲಿ 'ಕಾವೇರಿ' ಎಂಬ ಪದ ಬಂತು. ಕಾವೇರಿ ಎಂದರೆ ಏನು ಎಂದು ಕೇಳಿದೆವು.

"ನಲ್ಲಿ ನೀರು" ಅಂದರು ಹೂವಿನಜ್ಜಿ.

ಎಲ್ಲರೂ ನಕ್ಕರು. ಆದರೆ ಅಜ್ಜಿ ಹೇಳಿದ್ದು ತಪ್ಪಲ್ಲ. ನಮ್ಮ ಬೀದಿಯಲ್ಲಿ ನೀರು ಎರಡು ಥರ. ಒಂದು ಬೋರ್ ನೀರು, ಇನ್ನೊಂದು ಕಾವೇರಿ ನೀರು. ಬೋರ್ ನೀರು ಬಟ್ಟೆ, ಪಾತ್ರೆಗೆ. ಕಾವೇರಿ ನೀರು ಕುಡಿಯಲು, ಅಡಿಗೆಗೆ. ಆ ನೀರಿಗಾಗಿ ಕೊಡ ಹಿಡಿದು ಸಾಲು ನಿಂತಿದ್ದೇವೆ. ಜಗಳವನ್ನೂ ಆಡಿದ್ದೇವೆ. ಆದರೆ ಕಾವೇರಿ ಹೊಳೆಯನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಇಬ್ಬರೇ.

"ಒಂದ್ಸಲ ನೋಡ್ಬೇಕಲ್ಲಾ ಟೀಚರ್" ಎಂದು ಅಜ್ಜಿ ಹಟ ಹಿಡಿದರು. ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ಮಾತಾಯಿತು.

ಮನೆಗಳಲ್ಲಿ ಮಾತು ಸುಲಭವಾಗಲಿಲ್ಲ. "ಜೊತೆಗೆ ಗಂಡಸರು ಯಾರೂ ಇಲ್ಲ. ದಾರಿ ಹೆಂಗೆ ಗೊತ್ತಾಗ್ತದೆ?" ಎಂದು ಒಬ್ಬ ಅಕ್ಕನ ಯಜಮಾನರು ಕೇಳಿದರು. "ಬೋರ್ಡು ಓದ್ಕೊಂಡು ಹೋಗ್ತೀನಿ" ಎಂದು ಅಕ್ಕ ಹೇಳಿದರಂತೆ. ಹೇಳುವಾಗ ಎದೆ ಡವಡವ ಅನ್ನುತ್ತಿತ್ತು ಎಂದು ಆಮೇಲೆ ನಮಗೆ ಹೇಳಿದರು.

ಬಸ್ ಚಾರ್ಜಿನ ಚಿಂತೆ ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರು ರಾಜ್ಯದೊಳಗೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹಣ ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸ, ಐರಾವತ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಆದ್ದರಿಂದ ಹತ್ತುವ ಮೊದಲೇ ಬಸ್ಸಿನ ಹೆಸರು ಓದಬೇಕು.

ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋದೆವು. ಮೈಸೂರು ಬಸ್ಸೊಂದು ನಿಂತಿತ್ತು. ನಾವು ಓಡಿ ಹತ್ತಲು ಹೋದೆವು. ಆ ಅಕ್ಕ ಮಾತ್ರ ನಿಂತಲ್ಲೇ ನಿಂತರು. ಬೋರ್ಡಿನ ಮೇಲೆ ಕಣ್ಣಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು.

"ತ... ಡೆ... ತಡೆರಹಿತ. ಅಂದ್ರೆ ಮಧ್ಯೆ ಎಲ್ಲೂ ನಿಲ್ಸಲ್ವಾ ಟೀಚರ್?"

ಹೌದು. ಆ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಹತ್ತಿದ್ದರೆ ಮೈಸೂರಿಗೇ ಹೋಗಿ ಇಳಿಯಬೇಕಾಗಿತ್ತು! ಓದು ಕಲಿಸಿದ ನಾವೇ ಓದದೆ ಓಡಿದ್ದೆವು. ನಾಚಿಕೆಯಾಯಿತು. ಸಂತೋಷವೂ ಆಯಿತು.

ಮುಂದಿನ ಬಸ್ಸಿನಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಬರೆದಿತ್ತು. ಅದನ್ನೇ ಹತ್ತಿದೆವು. ದಾರಿಯುದ್ದಕ್ಕೂ ಊರ ಹೆಸರು ಓದುವುದೇ ಆಟವಾಯಿತು. ಬೇಗ ಓದಿದವರಿಗೆ ಒಂದು ಚಕ್ಕುಲಿ.

ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಯ ಚಿಕ್ಕ ಊರು. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆಯುತ್ತಾಳೆ. ಊರಿನ ಎರಡೂ ಪಕ್ಕ ಹರಿದು ಮುಂದೆ ಮತ್ತೆ ಕೂಡುತ್ತಾಳೆ. ಸುತ್ತ ನೀರು, ನಡುವೆ ಊರು. ಇಂಥ ಜಾಗವನ್ನು ದ್ವೀಪ ಎನ್ನುತ್ತಾರೆ.

ಮೊದಲು ರಂಗನಾಥನ ಗುಡಿಗೆ ಹೋದೆವು. ದೇವರು ಹಾವಿನ ಹಾಸಿಗೆಯ ಮೇಲೆ ಮಲಗಿದ್ದಾನೆ. 1610ರಲ್ಲಿ ರಾಜ ಒಡೆಯರು ಈ ಊರನ್ನು ರಾಜಧಾನಿ ಮಾಡಿಕೊಂಡರು. ಈಗ ಮೈಸೂರಲ್ಲಿ ನಡೆಯುವ ದಸರಾ ಆಗ ಶುರುವಾದದ್ದು ಇಲ್ಲೇ. ಆಮೇಲೆ ಹೈದರಾಲಿ, ಟಿಪ್ಪು ಸುಲ್ತಾನ್ ಆಳಿದರು. 1799ರ ಮೇ 4ರಂದು ಇದೇ ಕೋಟೆಯಲ್ಲಿ ಇಂಗ್ಲಿಷರೊಡನೆ ಹೋರಾಡುತ್ತ ಟಿಪ್ಪು ಸತ್ತ. ಅವನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ಮರದ ಅರಮನೆ ಈಗಲೂ ಇದೆ. ಗೋಡೆ ತುಂಬ ಯುದ್ಧದ ಚಿತ್ರ. ಆನೆ, ಕುದುರೆ ಎಣಿಸುತ್ತ ನಿಂತವರನ್ನು ಎಬ್ಬಿಸಿಕೊಂಡು ಬರುವುದೇ ಕಷ್ಟವಾಯಿತು. ಗುಂಬಜ್‌ನಲ್ಲಿ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರ ಸಮಾಧಿಗಳಿವೆ.

ಅಲ್ಲಿಂದ ಸಂಗಮಕ್ಕೆ ಆಟೋ ಮಾಡಿದೆವು. ಒಡೆದ ಎರಡು ಕವಲು ಮತ್ತೆ ಕೂಡುವ ಜಾಗವೇ ಸಂಗಮ. ಅಜ್ಜಿ ಚಪ್ಪಲಿ ಬಿಟ್ಟು ಬೇಗ ಬೇಗ ಮೆಟ್ಟಿಲು ಇಳಿದರು. "ಅಜ್ಜಿ, ನಿಲ್ಲಿ! ಬೋರ್ಡು ನೋಡಿ!" ಎಂದು ಗಾರ್ಮೆಂಟ್ಸ್ ಹುಡುಗಿ ಕೂಗಿದಳು. ಆಳ ಇದೆ, ನೀರಿಗೆ ಇಳಿಯಬೇಡಿ ಎಂದು ಅಲ್ಲಿ ಬರೆದಿತ್ತು. ಹೊಳೆ ಮೇಲೆ ಶಾಂತವಾಗಿ ಕಾಣುತ್ತದೆ. ಒಳಗೆ ಸುಳಿ ಇರುತ್ತದೆ, ಕಲ್ಲು ಜಾರುತ್ತದೆ. ಮೇಲೆ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಅಜ್ಜಿ ಕೊನೆ ಮೆಟ್ಟಿಲಲ್ಲೇ ಕುಳಿತರು. ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು.

"ನಮ್ಮನೆ ನಲ್ಲೀಲಿ ಬರೋಳು ಇವಳೇನಾ?"

ಇವಳೇ. ಹೊಳೆ ಇಲ್ಲಿಂದ ಮುಂದೆ ಹರಿದು ಮಳವಳ್ಳಿ ಸೀಮೆಗೆ ಹೋಗುತ್ತದೆ. ಆ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡುತ್ತಾರೆ. ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಬೆಂಗಳೂರು ಎತ್ತರದಲ್ಲಿದೆ. ಹಾಗಾಗಿ ನೀರು ತಾನಾಗಿ ಬರುವುದಿಲ್ಲ. ಪಂಪುಗಳಿಂದ ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ನಮ್ಮ ಯಲಹಂಕದಿಂದ ನಂದಿ ಬೆಟ್ಟದ ತುದಿ ಎಷ್ಟು ಎತ್ತರವೋ ಹತ್ತಿರ ಹತ್ತಿರ ಅಷ್ಟು! 1974ರಲ್ಲಿ ಮೊದಲ ಹಂತ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಕೊಡಲು ಅದನ್ನು ಮಾಡಿದ್ದು.

"ಅದಕ್ಕೇ ಮತ್ತೆ, ನಮ್ಮನೆಗೆ ಬರೋವಷ್ಟರಲ್ಲಿ ಸುಸ್ತಾಗಿ ಸಣ್ಣಗೆ ಬರ್ತಾಳೆ" ಅಂದರು ಅಜ್ಜಿ.

ದಡದಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ. ಉಂಡು ಸುಮ್ಮನೆ ಕುಳಿತೆವು. ಯಾರಿಗೂ ಒಲೆ ಹಚ್ಚುವ ಕೆಲಸ ಇರಲಿಲ್ಲ, ಯಾರೂ ಕರೆಯಲಿಲ್ಲ. ಅಂಥ ಮಧ್ಯಾಹ್ನ ಮದುವೆಯಾದ ಮೇಲೆ ಇದೇ ಮೊದಲು ಎಂದು ಇಬ್ಬರು ಹೇಳಿದರು.

ಸಂಜೆ ನಿಲ್ದಾಣದಲ್ಲಿ ಆ ಅಕ್ಕನೇ ಮುಂದೆ ನಿಂತರು. ಬಂದ ಬಸ್ಸಿನ ಬೋರ್ಡು ಗಟ್ಟಿಯಾಗಿ ಓದಿದರು. "ಬೆಂಗಳೂರು. ಹತ್ರಿ ಎಲ್ರೂ."

ಅಭ್ಯಾಸ

ಈ ಪದಗಳನ್ನು ಗಟ್ಟಿಯಾಗಿ ಓದಿರಿ: ತಡೆರಹಿತ, ಶೂನ್ಯ ಟಿಕೆಟ್, ದ್ವೀಪ, ಸುಳಿ, ಸಂಗಮ.

ನಿಮ್ಮ ಮನೆಗೆ ಬರುವ ನೀರು ಯಾವ ಹೊಳೆಯದು, ಯಾವ ಕೆರೆಯದು? ಕೇಳಿ ತಿಳಿದು ಎರಡು ಸಾಲು ಬರೆಯಿರಿ.