ಕೆಡಿಸಿ ಕಲಿಯಿರಿ

ಹಾರ್ಡ್‌ವೇರನ್ನು ನಡೆಸುವ ಡ್ರೈವರ್ ಬರೆಯುವುದನ್ನು ಕಲಿಯುವ ಆಸೆಯಿದೆ, ಆದರೆ ಅದಕ್ಕೆ ಬೇಕಾದ ಬೋರ್ಡು, ಕಾರ್ಡು ನಮ್ಮ ಹತ್ತಿರ ಇಲ್ಲ ಎಂದು ಇಂಜಿನಿಯರಿಂಗ್ ಓದುವ ಮಕ್ಕಳು ಈಗಲೂ ಹೇಳುವುದುಂಟು. ಒಂದು ಕಾಲಕ್ಕೆ ಈ ಮಾತು ನಿಜವಾಗಿತ್ತು. ಲ್ಯಾಬಿನಲ್ಲಿದ್ದ ನಾಲ್ಕೈದು 8085 ಮೈಕ್ರೊಪ್ರೊಸೆಸರ್ ಕಿಟ್‌ಗಳ ಸುತ್ತ ಇಡೀ ಬ್ಯಾಚು ಮುತ್ತಿಕೊಳ್ಳುತ್ತಿತ್ತು. ಮುಂದೆ ನಿಂತವರು ಕೀ ಒತ್ತುತ್ತಿದ್ದರು, ಹಿಂದಿನವರು ಉತ್ತರವನ್ನು ರೆಕಾರ್ಡ್ ಬುಕ್ಕಿಗೆ ಇಳಿಸಿಕೊಂಡು ಸಹಿ ಹಾಕಿಸುತ್ತಿದ್ದರು. ಕಿಟ್ ಸುಟ್ಟುಹೋದರೆ ದಂಡ ತೆರಬೇಕಲ್ಲ ಎಂಬ ಹೆದರಿಕೆಯಲ್ಲಿ ಸೆಮಿಸ್ಟರೇ ಮುಗಿದುಹೋಗುತ್ತಿತ್ತು. ಮನೆಯ ಕಂಪ್ಯೂಟರಿನಲ್ಲೇ ಪ್ರಯೋಗಕ್ಕಿಳಿದವರು ಕರ್ನಲ್ ಕುಸಿದಾಗಲೆಲ್ಲ ಡಿಸ್ಕಿನಲ್ಲಿ ಏನು ಉಳಿದಿದೆಯೋ ಎಂದು ಉಸಿರು ಬಿಗಿಹಿಡಿದು ಕಾಯಬೇಕಿತ್ತು.

ನಿಮಗೆ ಆ ಕಷ್ಟವಿಲ್ಲ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಶುರುಮಾಡಿದ ಕ್ಯೂಎಮು ಎಂಬ ತಂತ್ರಾಂಶ ಕಂಪ್ಯೂಟರಿನೊಳಗೆ ಇನ್ನೊಂದು ಇಡೀ ಕಂಪ್ಯೂಟರನ್ನು ನಡೆಸಿ ತೋರಿಸುತ್ತದೆ, ಅದೂ ಉಚಿತವಾಗಿ. ಅದರಲ್ಲಿ ಎಜು ಎಂಬ ಒಂದು ಪುಟ್ಟ ಪಿಸಿಐ ಸಾಧನವಿದೆ. ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಲಿನಕ್ಸ್ ಕರ್ನಲ್ ಪಾಠಗಳಿಗೆಂದೇ ಯಿರಿ ಸ್ಲಾಬಿ ಬರೆದದ್ದು. 2015ರಲ್ಲಿ ಕ್ಯೂಎಮುವಿಗೆ ಸೇರಿತು. ವಿದ್ಯಾರ್ಥಿಗಳ ಕೈಗೆ ಈ ಸಾಧನವನ್ನು ಕೊಟ್ಟು, ಡ್ರೈವರ್ ನೀವು ಬರೆಯಿರಿ ಎನ್ನುವುದೇ ಅಲ್ಲಿನ ಕ್ರಮ.

ಅದರ ಕೆಲಸ ತೀರ ಸರಳ. ಒಂದು ರಿಜಿಸ್ಟರಿಗೆ ಸೊನ್ನೆ ಬರೆದು ಮತ್ತೆ ಓದಿದರೆ 32 ಬಿಟ್‌ಗಳೂ 1 ಆಗಿ ಬರುತ್ತವೆ. ನೀವು ಏನು ಬರೆದರೂ ತಲೆಕೆಳಗು ಮಾಡಿ ಕೊಡುತ್ತದೆ. ಸಾಧನ ಜೀವಂತವಾಗಿದೆ ಎಂದು ತಿಳಿಯಲು ಅಷ್ಟು ಸಾಕು. ಇನ್ನೊಂದು ರಿಜಿಸ್ಟರಿಗೆ 10 ಬರೆದರೆ ಅದರ ಫ್ಯಾಕ್ಟೋರಿಯಲ್ 3628800 ಸಿಗುತ್ತದೆ. ಈಗ 13 ಬರೆದು ನೋಡಿ. ಬರಬೇಕಾದದ್ದು 6227020800, ಬರುವುದು 1932053504. ಸಾಧನ ತಪ್ಪಾಯಿತು ಎಂದು ಹೇಳುವುದಿಲ್ಲ, ಕೆಂಪು ಅಕ್ಷರದಲ್ಲಿ ಎಚ್ಚರಿಸುವುದೂ ಇಲ್ಲ. 32 ಬಿಟ್‌ಗಳಲ್ಲಿ ಹಿಡಿಸಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಹಾರ್ಡ್‌ವೇರಿನ ಸ್ವಭಾವವೇ ಹೀಗೆ ಎಂದು ಪುಸ್ತಕದಲ್ಲಿ ನೂರು ಸಲ ಓದಿದರೂ ತಲೆಗೆ ಹೋಗದ ಮಾತು ಈ ಒಂದು ತಪ್ಪು ಉತ್ತರದಿಂದ ಹೋಗುತ್ತದೆ.

ನನ್ನ ಚಿಂತೆ ಇರುವುದು ಇಲ್ಲಿಯೇ. ನಿಮ್ಮಲ್ಲಿ ಅನೇಕರು ಎಲ್ಲಿಂದಲೋ ತಂದ ಕೋಡನ್ನು ಅಂಟಿಸಿ, ಇಲ್ಲವೇ ಎಐ ಬರೆದುಕೊಟ್ಟದ್ದನ್ನು ಹಾಗೆಯೇ ಓಡಿಸಿ, ‘ವರ್ಕ್ ಆಗ್ತಿದೆ ಸರ್’ ಎಂದು ಮುಂದೆ ಸಾಗುತ್ತೀರಿ. ವರ್ಕ್ ಆಗುವುದು ಒಂದು ಮಾತು, ಯಾಕೆ ವರ್ಕ್ ಆಗುತ್ತಿದೆ ಎಂದು ಗೊತ್ತಿರುವುದು ಬೇರೆಯೇ ಮಾತು. ಮೆಮೊರಿಯನ್ನು ತಾನೇ ನೇರವಾಗಿ ಓದಿ ಬರೆಯುವ ಎಜುವಿನ ಡಿಎಂಎ ಭಾಗವನ್ನೇ ತೆಗೆದುಕೊಳ್ಳಿ. ಬೇರೆ ಸೂಚನೆ ಕೊಡದಿದ್ದರೆ ಅದಕ್ಕೆ ತಿಳಿಯುವುದು 28 ಬಿಟ್ ವಿಳಾಸ ಮಾತ್ರ, ಅಂದರೆ 256 ಎಂಬಿವರೆಗಿನ ಮೆಮೊರಿ. ಇದನ್ನು ಡ್ರೈವರ್ ಕರ್ನಲ್‌ಗೆ ಮೊದಲೇ ತಿಳಿಸಬೇಕು. ತಿಳಿಸದಿದ್ದರೂ ಸಾಮಾನ್ಯ ಪಿಸಿಯನ್ನು ಅನುಕರಿಸುವ ಕ್ಯೂಎಮುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ, ಏಕೆಂದರೆ ನೀವು ಹೇಳದಿದ್ದರೆ ಅದು ಕೊಡುವ ಮೆಮೊರಿ 128 ಎಂಬಿ ಅಷ್ಟೇ. ಅದೇ ಡ್ರೈವರನ್ನು 1 ಜಿಬಿ ಕೊಟ್ಟು ಓಡಿಸಿ. ಬಫರ್ 256 ಎಂಬಿಗಿಂತ ಮೇಲಿನ ವಿಳಾಸದಲ್ಲಿ ಸಿಕ್ಕಿದರೆ ಸಾಧನ ಹೆಚ್ಚಿನ ಬಿಟ್‌ಗಳನ್ನು ಕತ್ತರಿಸಿ ಬೇರೆ ಯಾರದೋ ಜಾಗಕ್ಕೆ ಡೇಟಾ ಬರೆದುಬಿಡುತ್ತದೆ. ನಿನ್ನೆ ‘ವರ್ಕ್ ಆಗಿದ್ದ’ ಡ್ರೈವರ್ ಇಂದು ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ, ದೋಷ ಮಾತ್ರ ಮೊದಲ ದಿನದಿಂದಲೂ ಅಲ್ಲೇ ಇತ್ತು.

ಆದ್ದರಿಂದ ಬೇಕೆಂದೇ ಕೆಡಿಸಿ. ಇಂಟರಪ್ಟ್ ಬಂದಾಗ ಮುಟ್ಟಿತು ಎಂದು ಸಾಧನಕ್ಕೆ ತಿಳಿಸುವ ಒಂದು ಸಾಲು ಇರುತ್ತದೆ. ಅದನ್ನು ಅಳಿಸಿ ಓಡಿಸಿ. ಸಾಧನ ಕರೆಯುವುದನ್ನು ನಿಲ್ಲಿಸುವುದೇ ಇಲ್ಲ, ಪ್ರೊಸೆಸರ್ ಅದಕ್ಕೆ ಉತ್ತರ ಕೊಡುವುದರಲ್ಲೇ ಮುಳುಗಿ ಒಳಗಿನ ಯಂತ್ರ ಸ್ತಬ್ಧವಾಗುತ್ತದೆ. ಕಿಟಕಿ ಮುಚ್ಚಿ ಮತ್ತೆ ಶುರುಮಾಡಿದರೆ ಆಯಿತು, ದಂಡವಿಲ್ಲ, ಬೈಗುಳವಿಲ್ಲ. ನಮ್ಮ ತಲೆಮಾರಿಗೆ ಸಿಗದ ಸೌಲಭ್ಯ ಇದು. ಇದನ್ನು ಬರೀ ಮಾದರಿ ಕೋಡ್ ಓಡಿಸಲು ಬಳಸಿ ಕೈತೊಳೆದುಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಎಜು ಸಾಧನದ ಇಡೀ ಕೋಡು ಐನೂರು ಸಾಲನ್ನೂ ಮುಟ್ಟುವುದಿಲ್ಲ. ಒಂದು ಭಾನುವಾರ ಕೂತು ಓದಿ. ಡ್ರೈವರ್ ರಿಜಿಸ್ಟರನ್ನು ಓದಲು ಬಂದಾಗ ಒಂದು ಫಂಕ್ಷನ್, ಬರೆಯಲು ಬಂದಾಗ ಇನ್ನೊಂದು. ಇವೆರಡು ತಿಳಿದರೆ ನಿಮ್ಮದೇ ಸಾಧನ ಮಾಡಲು ದಾರಿ ಸಿಕ್ಕಿತು. ನೀವು ಸಾಧನ ಬರೆಯಿರಿ, ಗೆಳೆಯನೋ ಗೆಳತಿಯೋ ಡ್ರೈವರ್ ಬರೆಯಲಿ. ನಡುವೆ ಒಂದು ಪುಟದ ಡೇಟಾಶೀಟ್ ಬಿಟ್ಟರೆ ಬೇರೆ ಮಾತುಕತೆ ಬೇಡ. ಯಾವ ರಿಜಿಸ್ಟರ್ ಎಲ್ಲಿ, ಯಾವ ಬಿಟ್ ಏನು ಹೇಳುತ್ತದೆ, ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದನ್ನು ಕೇಳಿದರೆ ಏನಾಗುತ್ತದೆ, ಎಲ್ಲವನ್ನೂ ಬರೆಯಬೇಕು. ಬರೆಯುವಾಗ ಸ್ಪಷ್ಟವೆನಿಸಿದ್ದು ಓದುವವರಿಗೆ ಎಷ್ಟು ಮಸುಕಾಗಿರುತ್ತದೆ ಎಂದು ಆಗ ತಿಳಿಯುತ್ತದೆ. ಮುಂದೆ ಯಾವ ಕಂಪನಿಯ ಡೇಟಾಶೀಟ್ ಕೈಗೆ ಬಂದರೂ ಸಾಲುಗಳ ನಡುವೆ ಬಿಟ್ಟುಹೋದದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ.

ಇದು ಮಕ್ಕಳಾಟ ಎಂದುಕೊಳ್ಳಬೇಡಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ನಮ್ಮ ಊರಿನಲ್ಲಿ ಚಿಪ್ ವಿನ್ಯಾಸ ಬೆಳೆಯುತ್ತಲೇ ಇದೆ. ಈ ಉದ್ಯಮದಲ್ಲಿ ಹೊಸ ಚಿಪ್ ಕಾರ್ಖಾನೆಯಿಂದ ಬರುವ ತಿಂಗಳುಗಳ ಮೊದಲೇ ಅದರ ಅನುಕರಣೆಯ ಮೇಲೆ ಡ್ರೈವರ್ ಬರೆದು ಪರೀಕ್ಷಿಸುವುದು ದಿನನಿತ್ಯದ ಕೆಲಸ.

ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಯೂಎಮು ಕ್ಯಾಶ್‌ನ ನಡವಳಿಕೆಯನ್ನು ಅನುಕರಿಸುವುದಿಲ್ಲ, ಕಾಲದ ಲೆಕ್ಕವೂ ಅಲ್ಲಿ ನಿಜವಲ್ಲ. ರೀಸೆಟ್ ಆದ ಮೇಲೆ ಇಷ್ಟು ಹೊತ್ತು ಕಾಯಬೇಕು ಎಂಬುದನ್ನು ಮರೆಯುವಂಥ ತಪ್ಪುಗಳು ಅಲ್ಲಿ ಮುಚ್ಚಿಹೋಗುತ್ತವೆ. ಕಲಿತ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಯಾವುದಾದರೂ ಅಗ್ಗದ ಬೋರ್ಡು ತಂದು ಅದರ ಮೇಲೂ ಕೈ ಆಡಿಸಿ. ಅಲ್ಲಿ ತಪ್ಪಿಗೆ ಬೆಲೆಯಿದೆ, ನಿಧಾನವಾಗಿ ನಡೆಯಿರಿ.

ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಚಾಳಿ ಎಷ್ಟು ಹಬ್ಬಿದೆ ಎಂದು ನಿಮಗೇ ಗೊತ್ತು. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಇಬ್ಬರು ಸೇರಿ ಒಂದು ಸಣ್ಣ ಸಾಧನ, ಅದರ ಡೇಟಾಶೀಟ್, ಅದರ ಡ್ರೈವರ್ ಮಾಡಿ, ಅದನ್ನೇ ಪ್ರಾಜೆಕ್ಟಾಗಿ ಒಪ್ಪಿಸಿ. ನೋಡಲು ಸಾದಾ ಇದ್ದರೂ ಪರವಾಗಿಲ್ಲ, ವೈವಾದಲ್ಲಿ ಯಾವ ಸಾಲನ್ನು ತೋರಿಸಿ ಕೇಳಿದರೂ ಉತ್ತರ ನಿಮ್ಮದೇ ಆಗಿರಲಿ.